ಹಿಮ ಸರಿದ ಜಾಗಕ್ಕೆ ಹಸಿರು ಬರುವ ದಾರಿ

ಹಿಮನದಿಗಳು ಕರಗುತ್ತಿವೆ ಎಂದ ಕೂಡಲೇ ನಮ್ಮ ಮಾತೆಲ್ಲ ನೀರಿನ ಕಡೆ ಹೋಗುತ್ತದೆ. ಸಮುದ್ರ ಎಷ್ಟು ಏರುತ್ತದೆ, ಬೇಸಿಗೆಯಲ್ಲಿ ನದಿಗೆ ನೀರು ಉಳಿಯುತ್ತದಾ, ಯಾವ ಸರೋವರ ಒಡೆದು ಯಾವ ಊರಿಗೆ ನುಗ್ಗುತ್ತದೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಇವುಗಳ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಬಿದ್ದಿದೆ. ನೂರಾರು ವರ್ಷ, ಕೆಲವು ಕಡೆ ಸಾವಿರಾರು ವರ್ಷ ಹಿಮದ ಅಡಿಯಲ್ಲಿದ್ದ ನೆಲ ಈಗ ಬಿಸಿಲಿಗೆ ಬಿದ್ದಿದೆಯಲ್ಲ, ಅದರ ಗತಿ ಏನು?

ಇದು ಸಣ್ಣಪುಟ್ಟ ಜಾಗದ ವಿಷಯ ಅಲ್ಲ. 2000ರಿಂದ 2023ರವರೆಗೆ ಜಗತ್ತಿನ ಹಿಮನದಿಗಳು ವರ್ಷಕ್ಕೆ ಸರಾಸರಿ 27,300 ಕೋಟಿ ಟನ್ ಹಿಮ ಕಳೆದುಕೊಂಡಿವೆ. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ಶತಮಾನದ ಕೊನೆಗೆ ಎಷ್ಟು ನೆಲ ಹೊರಗೆ ಬರಬಹುದು ಎಂದು ಲೆಕ್ಕ ಹಾಕಿತು. ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಾದ ದೊಡ್ಡ ಹಿಮಹಾಸುಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆದರೂ ಕಡಿಮೆ ಅಂದರೆ ನೇಪಾಳದಷ್ಟು, ಜಾಸ್ತಿ ಅಂದರೆ ಫಿನ್‌ಲೆಂಡ್‌ನಷ್ಟು ಜಾಗ. ಅಂದಾಜು ಒಂದೂವರೆ ಲಕ್ಷ ಚದರ ಕಿಲೋಮೀಟರ್‌ನಿಂದ ಮೂರು ಲಕ್ಷ ನಲವತ್ತು ಸಾವಿರ ಚದರ ಕಿಲೋಮೀಟರ್. ಇದರಲ್ಲಿ ಒಂದು ಪಾಲು ಸರೋವರವಾಗುತ್ತದೆ, ಒಂದು ಪಾಲು ಕಡಲಿನಡಿ ಹೋಗುತ್ತದೆ. ಉಳಿದದ್ದು, ಅಂದರೆ ಬಹುಪಾಲು, ಒಣ ನೆಲ. ಒಂದೂವರೆ ಲಕ್ಷವೋ ಮೂರೂವರೆ ಲಕ್ಷವೋ ಅನ್ನೋದು ನಾವು ಇನ್ನು ಎಷ್ಟು ಕಲ್ಲಿದ್ದಲು, ತೈಲ, ಅನಿಲ ಸುಡುತ್ತೇವೆ ಎಂಬುದರ ಮೇಲೆ ನಿಂತಿದೆ.

ಇಂಥ ಸುದ್ದಿ ಬಂದಾಗ ಒಂದು ಸಮಾಧಾನದ ಮಾತು ಕೇಳಿಬರುತ್ತದೆ. ಹಿಮ ಹೋದರೆ ಹೋಯಿತು, ಅಲ್ಲಿ ಹಸಿರು ಬರುತ್ತದಲ್ಲ ಎಂದು. ಬರುತ್ತದೆ, ನಿಜ. ಆದರೆ ಎಲ್ಲಿ ಬರುತ್ತದೆ, ಎಷ್ಟು ನಿಧಾನ ಬರುತ್ತದೆ, ಯಾವುದರ ಜಾಗದಲ್ಲಿ ಬರುತ್ತದೆ ಎಂದು ನೋಡಿದರೆ ಆ ಸಮಾಧಾನ ಉಳಿಯುವುದಿಲ್ಲ. ಕಾಲ ಕಳೆದರೆ ಸಾಕು, ಮಣ್ಣು ತಾನಾಗಿ ಆಗುತ್ತದೆ, ಕಾಡು ತಾನಾಗಿ ಬೆಳೆಯುತ್ತದೆ ಎಂದು ನಂಬುವುದು ಸುಲಭ. ನೂರು ವರ್ಷದ ಅಧ್ಯಯನಗಳು ಬೇರೆಯದೇ ಕಥೆ ಹೇಳುತ್ತಿವೆ. ಆ ಕಥೆ ಅರ್ಥ ಆಗಬೇಕಾದರೆ ಹಿಮದ ಅಂಚಿಗೇ ಹೋಗಿ ನಿಲ್ಲಬೇಕು.

ಮಣ್ಣೇ ಇಲ್ಲದ ನೆಲ

ಹಿಮ ಸರಿದ ಮೊದಲ ವರ್ಷ ಅಲ್ಲಿರುವುದು ಮಣ್ಣಲ್ಲ. ಮನೆಯಷ್ಟು ದೊಡ್ಡ ಬಂಡೆ, ಅದರ ಸುತ್ತ ಜಲ್ಲಿ, ಜಲ್ಲಿಯ ನಡುವೆ ಮರಳು, ಮರಳಿನ ಜೊತೆ ಬೂದು ಬಣ್ಣದ ನುಣ್ಣನೆಯ ಕಲ್ಲುಹಿಟ್ಟು. ಎಲ್ಲವೂ ಹಿಮನದಿಯೇ ಅರೆದು ಬಿಟ್ಟುಹೋದದ್ದು. ಹಿಮನದಿ ದಡದಲ್ಲೂ ಮೂತಿಯಲ್ಲೂ ಒಟ್ಟಿರುವ ಈ ದಿಬ್ಬಗಳಿಗೆ ಮೊರೇನ್ ಎನ್ನುತ್ತಾರೆ.

ಈ ಪುಡಿಯಲ್ಲಿ ಖನಿಜಕ್ಕೆ ಬರ ಇಲ್ಲ. ಸುಣ್ಣ, ಪೊಟ್ಯಾಶಿಯಂ, ಮೆಗ್ನೀಶಿಯಂ ಇವೆ. ರಂಜಕವೂ ಇದೆ, ಆದರೆ ಕಲ್ಲಿನೊಳಗೆ ಬೀಗ ಹಾಕಿಕೊಂಡು ಕೂತಿದೆ. ಸಾರಜನಕ ಬಹುತೇಕ ಇಲ್ಲವೇ ಇಲ್ಲ. ಕೊಳೆತ ಎಲೆ, ಬೇರು, ಹುಳು, ಏನೂ ಇಲ್ಲ. ಹಾಗಾಗಿ ನೀರನ್ನು ಹಿಡಿದಿಡುವ ಶಕ್ತಿಯೂ ಇಲ್ಲ. ಜಲ್ಲಿಯಿದ್ದ ಕಡೆ ಮಳೆ ಬಿದ್ದಂತೆ ಇಳಿದುಹೋಗುತ್ತದೆ, ಕಲ್ಲುಹಿಟ್ಟು ಇದ್ದ ಕಡೆ ನೀರು ನಿಂತು ಕೆಸರಾಗುತ್ತದೆ. ಹಗಲು ಬಿಸಿಲು ಸುಡುತ್ತದೆ. ರಾತ್ರಿ ನೆಲದೊಳಗಿನ ತೇವ ಸೂಜಿಯಂಥ ಹಿಮವಾಗಿ ಮೇಲೇಳುತ್ತದೆ. ಆಗಷ್ಟೇ ಬೇರು ಬಿಟ್ಟ ಸಸಿಯನ್ನು ಬೇರುಸಮೇತ ಎತ್ತಿ ಹೊರಗೆ ಹಾಕುತ್ತದೆ.

ಇಂಥ ಕಡೆ ಮೊದಲು ಬರುವವರು ಕಣ್ಣಿಗೆ ಕಾಣದವರು. ಪೆರುವಿನ ಆಂಡಿಸ್ ಬೆಟ್ಟಗಳಲ್ಲಿ 5,000 ಮೀಟರ್ ಎತ್ತರದ ಪೂಕಾ ಹಿಮನದಿಯ ಮುಂದೆ ನಡೆದ ಅಧ್ಯಯನಗಳಲ್ಲಿ ಇದು ಚೆನ್ನಾಗಿ ಕಂಡಿತು. ಹಿಮ ಸರಿದ ಕೆಲವೇ ವರ್ಷಗಳಲ್ಲಿ, ಕಲ್ಲುಹೂವೂ ಹಾವಸೆಯೂ ಬರುವ ಮೊದಲೇ, ಸಯನೋಬ್ಯಾಕ್ಟೀರಿಯಾ ಅಲ್ಲಿ ನೆಲೆ ಕಂಡುಕೊಂಡಿದ್ದವು. ಇವು ಬಿಸಿಲಿನಿಂದ ಅನ್ನ ಮಾಡಿಕೊಳ್ಳುತ್ತವೆ. ಕೆಲವಕ್ಕೆ ಗಾಳಿಯ ಸಾರಜನಕವನ್ನೇ ಹಿಡಿದು ಗೊಬ್ಬರ ಮಾಡುವ ಶಕ್ತಿ ಇದೆ. ಇವು ಸ್ರವಿಸುವ ಅಂಟು ಪುಡಿಯ ಕಣಗಳನ್ನು ಒಂದಕ್ಕೊಂದು ಕಚ್ಚಿಸುತ್ತದೆ. ನೆಲ ಗಾಳಿಗೆ ಹಾರುವುದು ಕಮ್ಮಿಯಾಗುತ್ತದೆ, ತೇವ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಮಣ್ಣು ಶುರುವಾಗುವುದು ಇಲ್ಲಿಂದ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಗಿಡ ಬಂದ ಮೇಲೆ ಗಿಡ ತಿನ್ನುವ ಹುಳ, ಆಮೇಲೆ ಹುಳ ತಿನ್ನುವ ಜೇಡ. ನಾವು ಶಾಲೆಯಲ್ಲಿ ಕಲಿತ ಆಹಾರ ಸರಪಳಿ ಹೀಗೆ ತಾನೇ ಹೋಗುವುದು? ಹಿಮನದಿಯ ಮುಂದೆ ಇದು ತಲೆಕೆಳಗು. ಒಂದು ಹುಲ್ಲೆಸಳೂ ಇಲ್ಲದ ಜಲ್ಲಿಯಲ್ಲಿ ಜೇಡ ಮತ್ತು ನೆಲಜೀರುಂಡೆ ಆಗಲೇ ಓಡಾಡುತ್ತಿರುತ್ತವೆ. ಬೇಟೆಗಾರರು ಮೊದಲು, ಗಿಡ ಆಮೇಲೆ. ಅವು ತಿನ್ನುವುದೇನನ್ನು? ಗಾಳಿಯಲ್ಲಿ ತೂರಿಬಂದು ಬೀಳುವ ಕೀಟಗಳನ್ನು ಎಂಬ ಉತ್ತರ ಬಹಳ ಕಾಲ ಇತ್ತು. ನಾರ್ವೆಯ ಹಾರ್ಡಾಂಗರ್‌ಯೋಕುಲೆನ್ ಹಿಮನದಿಯ ಬಳಿ ಕೆಲಸ ಮಾಡಿದ ವಿಜ್ಞಾನಿಗಳು 2013ರಲ್ಲಿ ಇನ್ನೊಂದು ಉತ್ತರ ಕೊಟ್ಟರು. ಅಲ್ಲಿ ಕರಗುವ ಹಿಮದಿಂದ 21,000 ವರ್ಷ ಹಳೆಯ ಇಂಗಾಲ ಹೊರಬರುತ್ತಿತ್ತು. ಕೊಳಗಳಲ್ಲಿ ಸೊಳ್ಳೆಯನ್ನು ಹೋಲುವ ಸಣ್ಣ ನೊಣಗಳ ಮರಿಹುಳುಗಳು ಅದನ್ನು ಮೈಗೂಡಿಸಿಕೊಳ್ಳುತ್ತಿದ್ದವು. ರೆಕ್ಕೆ ಬಂದು ಹಾರಿದ ನೊಣಗಳನ್ನು ಜೇಡ, ಜೀರುಂಡೆಗಳು ತಿನ್ನುತ್ತಿದ್ದವು. ಜೀವಂತ ಜೀರುಂಡೆಯನ್ನು ರೇಡಿಯೊಕಾರ್ಬನ್ ಪರೀಕ್ಷೆಗೆ, ಅಂದರೆ ಮೈಯಲ್ಲಿನ ಇಂಗಾಲ ನೋಡಿ ವಯಸ್ಸು ಹೇಳುವ ಪರೀಕ್ಷೆಗೆ, ಹಾಕಿದರೆ ಅದರ ವಯಸ್ಸು ಸಾವಿರ ವರ್ಷಕ್ಕೂ ಮೇಲೆ ಎಂದು ಬರುತ್ತಿತ್ತು. ನಿನ್ನೆ ಮೊನ್ನೆ ಹುಟ್ಟಿದ ಪ್ರಾಣಿಯ ಮೈಯಲ್ಲಿ ಹಿಮಯುಗದ ಊಟ! ಸುಮ್ನೆ ಕಲ್ಲಿನ ರಾಶಿ ಎಂದು ನಾವು ನೋಡಿ ಮುಂದೆ ಹೋಗುವ ಜಾಗದಲ್ಲಿ ಇಷ್ಟೆಲ್ಲ ನಡೆದಿರುತ್ತದೆ.

ಕೆಲವೊಮ್ಮೆ ಹಿಮವೇ ಜೀವ ಉಳಿಸಿ ಇಟ್ಟಿರುತ್ತದೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ಟಿಯರ್‌ಡ್ರಾಪ್ ಹಿಮನದಿ ಸರಿದಾಗ ಅಡಿಯಿಂದ ಹಾವಸೆಗಳು ಹೊರಬಂದವು. ಸುಮಾರು 400 ವರ್ಷ ಹಿಮದಡಿ ಹೂತಿದ್ದವು. ಅವುಗಳ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದರೆ ಮತ್ತೆ ಚಿಗುರಿದವು.

ಒಂದು ಕಲ್ಲಿನ ಮರೆ

ಈಗ ಗಿಡಗಳ ವಿಷಯ. ಒಂದು ಬೀಜ ಗಾಳಿಯಲ್ಲಿ ಬಂದು ಬಿತ್ತು ಎಂದುಕೊಳ್ಳಿ. ಬಯಲಿನ ನಡುವೆ ಬಿದ್ದರೆ ಒಣಗುತ್ತದೆ, ಇಲ್ಲವೇ ಹಾರಿಹೋಗುತ್ತದೆ. ಅದೇ ಬೀಜ ಒಂದು ದೊಡ್ಡ ಕಲ್ಲಿನ ಮಗ್ಗುಲಿಗೆ, ಗಾಳಿ ತಾಗದ ಕಡೆ, ಸ್ವಲ್ಪ ತಗ್ಗಿನಲ್ಲಿ ಬಿದ್ದರೆ ಲೆಕ್ಕವೇ ಬೇರೆ. ಗಾಳಿ ತಂದ ನುಣ್ಣನೆ ಪುಡಿ ಅಲ್ಲಿ ನಿಂತಿರುತ್ತದೆ. ಕಲ್ಲಿನ ನೆರಳು ತೇವವನ್ನು ಕಾಯುತ್ತದೆ. ಮೇಲೆ ಒರಟು ಜಲ್ಲಿ ಇದ್ದರೆ ಬೀಜ ಅದರ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ವಾಷಿಂಗ್‌ಟನ್ ರಾಜ್ಯದ ಲೈಮನ್ ಹಿಮನದಿಯ ಮುಂದೆ ಸಸಿಗಳ ಜಾಗ ಒಂದೊಂದಾಗಿ ಗುರುತು ಮಾಡಿದಾಗ ಇದೇ ಕಂಡಿತು. ತಗ್ಗು, ಒರಟು ಮೇಲ್ಮೈ, ಬಂಡೆಯ ಮಗ್ಗುಲು, ಇವೇ ಗಿಡ ಹಿಡಿದ ಜಾಗಗಳು. ಹಾಗಾಗಿ ಎರಡು ಮಾರು ಅಂತರದಲ್ಲೇ ಒಂದು ಕಡೆ ಪೊದೆ, ಇನ್ನೊಂದು ಕಡೆ ಬೋಳು ನೆಲ. ಹಿಮ ಎರಡೂ ಕಡೆಯಿಂದ ಒಂದೇ ವರ್ಷ ಸರಿದಿದ್ದರೂ ಅಷ್ಟೇ.

ಬೀಜ ಮೊಳೆತರೂ ಸಾಲದು. ಎಷ್ಟೋ ಮರಗಳ ಬೇರಿಗೆ ಜೊತೆಗಾರ ಅಣಬೆ ಬೇಕು. ಅಣಬೆಯ ಎಳೆಗಳು ನೀರು, ರಂಜಕ ತಂದುಕೊಡುತ್ತವೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಹೊಸ ನೆಲದಲ್ಲಿ ಆ ಅಣಬೆ ಇರುವುದಿಲ್ಲ. ಗಾಳಿಯಲ್ಲಿ ಬರಬೇಕು, ಇಲ್ಲವೇ ಮೇಯಲು ಬಂದ ಜಿಂಕೆ, ಅಳಿಲಿನ ಜಾತಿಯ ಮಾರ್ಮಟ್‌ಗಳ ಹಿಕ್ಕೆಯಲ್ಲಿ ಬರಬೇಕು. ಲೈಮನ್‌ನಲ್ಲಿ ಪ್ರಾಣಿಗಳ ಹಿಕ್ಕೆಯಲ್ಲಿ ಇಂಥ ಅಣಬೆಯ ಬೀಜಕಣಗಳು ಸಿಕ್ಕಿವೆ. ಪಕ್ಕದ ಕಾಡು ಹತ್ತಿರ ಇದ್ದಷ್ಟೂ, ಪ್ರಾಣಿಗಳು ಓಡಾಡಿದಷ್ಟೂ ಹೊಸ ನೆಲಕ್ಕೆ ಒಳ್ಳೆಯದು.

ಅಲಾಸ್ಕಾದಲ್ಲಿ ಈ ಕೆಲಸ ಜೋರಾಗಿ ಮಾಡುವ ಎರಡು ಗಿಡಗಳಿವೆ. ನೆಲಕ್ಕೆ ಚಾಪೆಯಂತೆ ಹಬ್ಬುವ ಡ್ರಯಾಸ್ ಮತ್ತು ಪೊದೆಯಾಗಿ ಬೆಳೆಯುವ ಆಲ್ಡರ್. ಎರಡರ ಬೇರಿನಲ್ಲೂ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಕೊಡುತ್ತದೆ. ಆಲ್ಡರ್ ಎಲೆ ಉದುರಿಸಿದಂತೆಲ್ಲ ನೆಲ ಬದಲಾಗುತ್ತದೆ. 1950ರ ದಶಕದಲ್ಲಿ ಕ್ರಾಕರ್ ಮತ್ತು ಮೇಜರ್ ಎಂಬ ಇಬ್ಬರು ವಿಜ್ಞಾನಿಗಳು ಅಳೆದು ತೋರಿಸಿದಂತೆ, ಗ್ಲೇಷಿಯರ್ ಬೇ ಪ್ರದೇಶದ ಹೊಸ ನೆಲದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಮೊದಲು 8ರ ಆಸುಪಾಸು. ಆಲ್ಡರ್ ಅಡಿಯಲ್ಲಿ ಕೆಲವೇ ದಶಕಗಳಲ್ಲಿ ಅದು 5ರ ಹತ್ತಿರ ಬಂತು, ಅಂದರೆ ನೆಲ ಹುಳಿಯಾಯಿತು. ಸುಣ್ಣದಂಶ ತೊಳೆದುಹೋಗಿ, ಸಾರಜನಕ ಸೇರಿ, ಕಪ್ಪು ಪದರ ಕಟ್ಟಿತ್ತು. ಭೂಮಿಯ ಬೇರೆ ಕಡೆ ಶತಮಾನಗಳೇ ಹಿಡಿಯುವ ಬದಲಾವಣೆ ಅಲ್ಲಿ ಒಬ್ಬ ಮನುಷ್ಯನ ಆಯಸ್ಸಿನೊಳಗೆ ಆಯಿತು.

ಪಠ್ಯಪುಸ್ತಕದ ಏಣಿ

ಗ್ಲೇಷಿಯರ್ ಬೇ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ಜಗತ್ತು ನಂಬಿಕೊಂಡು ಬಂದದ್ದರ ಬಹುಪಾಲು ಅಲ್ಲಿಂದ ಬಂದದ್ದು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್‌ನ ಹಡಗುಗಳು ಅಲ್ಲಿಗೆ ಹೋದಾಗ ಈಗಿನ ಕೊಲ್ಲಿ ಹೆಚ್ಚುಕಡಿಮೆ ಪೂರ್ತಿ ಹಿಮ. 1879ರಲ್ಲಿ ಪ್ರಕೃತಿ ಬರಹಗಾರ ಜಾನ್ ಮ್ಯೂರ್ ದೋಣಿಯಲ್ಲಿ ಹೋದಾಗ ಹಿಮ ಹತ್ತಾರು ಕಿಲೋಮೀಟರ್ ಹಿಂದೆ ಸರಿದಿತ್ತು. ಇಂದಿಗೆ ಅದು ಸರಿದ ದೂರ ಸುಮಾರು ನೂರು ಕಿಲೋಮೀಟರ್. ಯಾವ ಜಾಗದಿಂದ ಹಿಮ ಯಾವಾಗ ಸರಿಯಿತು ಎಂಬ ಲೆಕ್ಕ ಇಷ್ಟು ಸ್ಪಷ್ಟವಾಗಿ ಸಿಗುವ ಕಡೆ ಬಹಳ ಕಮ್ಮಿ.

1916ರಲ್ಲಿ ವಿಲಿಯಂ ಕೂಪರ್ ಎಂಬ ಸಸ್ಯವಿಜ್ಞಾನಿ ಅಲ್ಲಿ ಒಂದೊಂದು ಚದರ ಮೀಟರ್‌ನ ಚೌಕಗಳನ್ನು ಗುರುತು ಮಾಡಿದರು. ಪ್ರತಿ ಚೌಕದಲ್ಲಿ ಯಾವ ಗಿಡ ಎಲ್ಲಿದೆ ಎಂದು ನಕ್ಷೆ ಬರೆದರು. ವರ್ಷಗಟ್ಟಲೆ ಬಿಟ್ಟು ಮತ್ತೆ ಮತ್ತೆ ಬಂದು ಅದೇ ಚೌಕ ನೋಡಿದರು. 1925ರಲ್ಲಿ ಆ ಪ್ರದೇಶಕ್ಕೆ ಸರ್ಕಾರಿ ರಕ್ಷಣೆ ಸಿಗುವುದರಲ್ಲೂ ಅವರ ಶ್ರಮ ದೊಡ್ಡದು.

ಆಮೇಲೆ ಬಂದವರಿಗೆ ಕಾಯುವಷ್ಟು ಆಯಸ್ಸಿಲ್ಲ. ಅವರು ಒಂದು ಉಪಾಯ ಮಾಡಿದರು. ಹಿಮದ ಹತ್ತಿರದ ಜಾಗ 10 ವರ್ಷದ್ದು, ಸ್ವಲ್ಪ ದೂರದ್ದು 50 ವರ್ಷದ್ದು, ಇನ್ನೂ ದೂರದ್ದು 200 ವರ್ಷದ್ದು. ಇವನ್ನು ಸಾಲಾಗಿ ನೋಡಿದರೆ ಒಂದೇ ಜಾಗದ ಬಾಲ್ಯ, ಯೌವನ, ಮುಪ್ಪು ನೋಡಿದಂತೆ. ಹೀಗೆ ಒಂದು ಏಣಿ ಸಿದ್ಧವಾಯಿತು. ಮೊದಲು ಪಾಚಿ, ಹಾವಸೆ, ಆಮೇಲೆ ಡ್ರಯಾಸ್, ಆಮೇಲೆ ಆಲ್ಡರ್, ಆಮೇಲೆ ಸೂಜಿ ಎಲೆಯ ಸ್ಪ್ರೂಸ್ ಮರಗಳ ಕಾಡು, ಕೊನೆಗೆ ಅಂಥದೇ ಇನ್ನೊಂದು ಮರ ಹೆಮ್ಲಾಕ್. ಒಂದು ಗಿಡ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟು ತಾನು ಹಿಂದೆ ಸರಿಯುತ್ತದೆ. ಪರಿಸರ ವಿಜ್ಞಾನ ಓದಿದವರೆಲ್ಲ ಈ ಚಿತ್ರ ನೋಡಿರುತ್ತಾರೆ.

ಏಣಿಯಲ್ಲಿ ಬಿರುಕಿದೆ ಎಂದು 1995ರಲ್ಲಿ ಕ್ರಿಸ್ಟೋಫರ್ ಫಾಸ್ಟೀ ಎಂಬ ಸಂಶೋಧಕರು ತೋರಿಸಿದರು. ಅವರು ಮರಗಳ ಉಂಗುರ ಎಣಿಸಿ ಬೇರೆ ಬೇರೆ ವಯಸ್ಸಿನ ಜಾಗಗಳ ಹಿಂದಿನ ಕಥೆ ತೆಗೆದರು. ಎಲ್ಲಕ್ಕಿಂತ ಹಳೆಯ ಜಾಗಗಳು ಆಲ್ಡರ್ ಮೆಟ್ಟಿಲನ್ನು ಹತ್ತಿಯೇ ಇರಲಿಲ್ಲ. ಅಲ್ಲಿ ಸ್ಪ್ರೂಸ್ ಮೊದಲೇ ಬಂದಿತ್ತು, ಕಾರಣ ಬೀಜ ಕೊಡುವ ಕಾಡು ಹತ್ತಿರ ಇತ್ತು. ಒಳಗಿನ, ಹೊಸ ಜಾಗಗಳಿಗೆ ಆಲ್ಡರ್ ಮುತ್ತಿಕೊಂಡಿತ್ತು. ಅಂದರೆ ನಾವು ಒಂದೇ ಮನುಷ್ಯನ ಬಾಲ್ಯ, ಮುಪ್ಪಿನ ಫೋಟೋ ಎಂದುಕೊಂಡು ಜೋಡಿಸಿದ್ದು ಬೇರೆ ಬೇರೆ ಮನುಷ್ಯರ ಫೋಟೋಗಳನ್ನು.

ನಂತರ 2016ರಲ್ಲಿ, ಕೂಪರ್ ಚೌಕ ಗುರುತು ಮಾಡಿ ಸರಿಯಾಗಿ ನೂರು ವರ್ಷಕ್ಕೆ, ಬ್ರಯನ್ ಬೂಮಾ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಹಳೆಯ ಟಿಪ್ಪಣಿ ಹಿಡಿದು ಆ ಚೌಕಗಳನ್ನು ಹುಡುಕಿದರು. ಹುಡುಕಿ ಪತ್ತೆ ಮಾಡಿಯೂ ಬಿಟ್ಟರು. ಹಿಂದಿನ ದಾಖಲೆಗಳ ಜೊತೆ ಹೋಲಿಸಿ 2019ರಲ್ಲಿ ಅವರು ಹೇಳಿದ್ದು ಇಷ್ಟು: ಕೂಪರ್ ಚೌಕಗಳಲ್ಲಿ ಆ ಏಣಿ ಕಾಣುತ್ತಿಲ್ಲ. ಹಿಮ ಸರಿದ ಸ್ವಲ್ಪ ಕಾಲದಲ್ಲೇ ಯಾವ ಯಾವ ಗಿಡ ಬರಬೇಕೋ ಬಂದಿವೆ. ಯಾವುದು ಮೊದಲು ಬಂತು ಎನ್ನುವುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಮೊದಲು ಬಂದದ್ದು ಜಾಗ ಹಿಡಿದು ಕೂತಿದೆ, ಇನ್ನೊಂದಕ್ಕೆ ಬಿಟ್ಟುಕೊಟ್ಟಿಲ್ಲ. 50 ವರ್ಷಕ್ಕೂ ಮೇಲೆ ಅದೇ ಗಿಡಗಳು ಅಲ್ಲೇ ಇವೆ.

ಇದನ್ನು ನಾನು ಬಹಳ ದೊಡ್ಡ ಮಾತು ಎಂದು ತಿಳಿದಿದ್ದೇನೆ. ಇಷ್ಟು ವರ್ಷಕ್ಕೆ ಇಂಥ ಗಿಡ, ಇಷ್ಟು ವರ್ಷಕ್ಕೆ ಇಂಥ ಕಾಡು ಎಂಬ ವೇಳಾಪಟ್ಟಿ ಇಟ್ಟುಕೊಂಡು ಹೊಸ ನೆಲದ ಭವಿಷ್ಯ ಹೇಳಲು ಆಗುವುದಿಲ್ಲ. ಮೊದಲ ಹತ್ತು ಇಪ್ಪತ್ತು ವರ್ಷದಲ್ಲಿ ಏನಾಗುತ್ತದೋ ಅದು ಮುಂದಿನ ನೂರು ವರ್ಷವನ್ನು ಕಟ್ಟಿಹಾಕಬಹುದು. ಆ ಮೊದಲ ವರ್ಷಗಳಲ್ಲಿ ನಾವು ಅಲ್ಲಿ ರಸ್ತೆ ಮಾಡಿದರೆ, ಜಲ್ಲಿ ತೆಗೆದರೆ, ಎಲ್ಲಿಂದಲೋ ಕಳೆ ಬೀಜ ಹೊತ್ತುತಂದರೆ ಅದರ ಗುರುತು ಸುಲಭಕ್ಕೆ ಅಳಿಯುವುದಿಲ್ಲ.

ಹಾಗಂತ ಎಲ್ಲ ಕಡೆ ಬರೀ ಅದೃಷ್ಟವೇ ಎಂದಲ್ಲ. 2024ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನ ಜಗತ್ತಿನ 46 ಹಿಮನದಿಗಳ ಮುಂದಿನ ನೆಲದಿಂದ ಮಣ್ಣು ತೆಗೆದು ಅದರಲ್ಲಿನ ಡಿಎನ್‌ಎ ಓದಿತು. ಸೂಕ್ಷ್ಮಜೀವಿಗಳು ಮೊದಲ ದಶಕಗಳಲ್ಲೇ ಬರುತ್ತವೆ, ಗಿಡ ಮತ್ತು ಪ್ರಾಣಿಗಳು ನಿಧಾನಕ್ಕೆ ಹೆಚ್ಚುತ್ತವೆ ಎಂಬ ಚಿತ್ರ ಜಗತ್ತಿನ ಬೇರೆ ಬೇರೆ ಕಡೆ ಕಂಡಿತು. ಸ್ವಿಟ್ಜರ್‌ಲೆಂಡ್‌ನ ಮೊರ್ಟೆರಾಚ್ ಕಣಿವೆಯಲ್ಲಿ ಇದನ್ನು ನಡೆದುಕೊಂಡೇ ನೋಡಬಹುದು. ಹಿಮನದಿಯ ಮೂತಿ ಯಾವ ವರ್ಷ ಎಲ್ಲಿತ್ತು ಎಂದು ದಾರಿಯ ಪಕ್ಕ ಫಲಕ ನೆಟ್ಟಿದ್ದಾರೆ. ಹಳೆಯ ಇಸವಿಗಳ ಹತ್ತಿರ ಲಾರ್ಚ್, ಪೈನ್ ಮರಗಳ ನೆರಳು. ಹೊಸ ಇಸವಿಗಳ ಹತ್ತಿರ ಕಲ್ಲಿನ ಸಂದಿಯಲ್ಲಿ ಗುಲಾಬಿ ಬಣ್ಣದ ಹೂ ಬಿಟ್ಟ ಒಂದೊಂದು ಗಿಡ. ಒಟ್ಟು ದಿಕ್ಕು ಗೊತ್ತು. ಗೊತ್ತಿಲ್ಲದ್ದು ಒಂದೊಂದು ಜಾಗದ ಹಣೆಬರಹ.

ಗೊಬ್ಬರ ಕೊಟ್ಟು ನೋಡಿದಾಗ

ಗ್ಲೇಷಿಯರ್ ಬೇ ಒದ್ದೆ ಸೀಮೆ. ಮಳೆ ಧಾರಾಳ, ಕಡಲ ಮಟ್ಟ, ಪಕ್ಕದಲ್ಲಿ ಕಾಡು. ಅಲ್ಲಿ ಕಲಿತದ್ದನ್ನು ಒಣ, ಎತ್ತರದ ಬೆಟ್ಟಗಳಿಗೆ ಹಾಗೇ ಹಚ್ಚಿದರೆ ತಪ್ಪುತ್ತದೆ. ಹೊಸ ನೆಲಕ್ಕೆ ಮೊದಲು ಕೊರತೆಯಾಗುವುದು ಸಾರಜನಕ ಎಂಬ ಮಾತನ್ನೇ ತೆಗೆದುಕೊಳ್ಳಿ. ಪೂಕಾ ಹಿಮನದಿಯ ಮುಂದೆ ಮತ್ತು ಮಧ್ಯ ಅಲಾಸ್ಕಾದಲ್ಲಿ ಗೊಬ್ಬರ ಹಾಕಿ ನೋಡಿದವರಿಗೆ ಬೇರೆ ಉತ್ತರ ಸಿಕ್ಕಿತು. ತಡೆದು ನಿಲ್ಲಿಸಿದ್ದು ಸಾರಜನಕವಲ್ಲ, ರಂಜಕ. ರಂಜಕ ಕೊಟ್ಟ ಕಡೆ ಸೂಕ್ಷ್ಮಜೀವಿಗಳೂ ಗಿಡಗಳೂ ಜೋರಾಗಿ ಬೆಳೆದವು. ಕಲ್ಲಿನಲ್ಲಿ ರಂಜಕ ಇದೆ ಎಂದೆನಲ್ಲ. ಇದ್ದರೂ ಕಲ್ಲು ಕರಗಲು ನೀರು ಬೇಕು, ಬೇರು ಮತ್ತು ಅಣಬೆಗಳ ಆಮ್ಲ ಬೇಕು. ಒಣ ಸೀಮೆಯಲ್ಲಿ ಎರಡಕ್ಕೂ ಬರ.

ರಂಜಕದ ಕಥೆಗೆ ಇನ್ನೊಂದು ತುದಿ ಇದೆ. ನ್ಯೂಜಿಲೆಂಡ್‌ನ ಫ್ರಾಂಜ್ ಜೋಸೆಫ್ ಹಿಮನದಿ ಬೇರೆ ಬೇರೆ ಕಾಲದಲ್ಲಿ ಬಿಟ್ಟುಹೋದ ನೆಲಗಳಲ್ಲಿ ಐದು ವರ್ಷದ್ದರಿಂದ ಹಿಡಿದು 1,20,000 ವರ್ಷದ್ದರವರೆಗೆ ಇವೆ. ಮೊದಲು ಕಾಡು ಏರುತ್ತಾ ಹೋಗುತ್ತದೆ. ಸಾವಿರಾರು ವರ್ಷ ಕಳೆದ ಮೇಲೆ ಮಳೆ ರಂಜಕವನ್ನು ತೊಳೆದು ಮುಗಿಸುತ್ತದೆ, ಉಳಿದದ್ದು ಗಿಡಕ್ಕೆ ಸಿಗದ ರೂಪಕ್ಕೆ ತಿರುಗುತ್ತದೆ. ಆಗ ಕಾಡು ಮತ್ತೆ ಕುಗ್ಗುತ್ತದೆ. ಮಣ್ಣಿಗೂ ಮುಪ್ಪು ಬರುತ್ತದೆ, ಕಾಲ ಯಾವಾಗಲೂ ಅದರ ಪರ ಅಲ್ಲ.

ಉಷ್ಣವಲಯದ ಎತ್ತರಗಳಲ್ಲಿ ಶುರುವಾತೇ ಕಷ್ಟ. ವೆನೆಜುವೆಲಾದ ಕೊನೆಯ ಹಿಮನದಿ ಹಂಬೋಲ್ಟ್ ಎಷ್ಟು ಕುಗ್ಗಿತೆಂದರೆ 2024ರಲ್ಲಿ ಅದನ್ನು ಹಿಮನದಿ ಎಂದು ಕರೆಯುವುದನ್ನೇ ವಿಜ್ಞಾನಿಗಳು ಬಿಟ್ಟರು. ಅದು ಬಿಟ್ಟುಹೋದ ನೆಲದಲ್ಲಿ ದಶಕಗಳ ಕಾಲ ಕಲ್ಲುಹೂವು ಮತ್ತು ಹಾವಸೆಗಳದ್ದೇ ರಾಜ್ಯ. ಹೂ ಬಿಡುವ ಗಿಡಗಳು ಬಹಳ ತಡವಾಗಿ, ಅಲ್ಲೊಂದು ಇಲ್ಲೊಂದು.

ಮೇಲೆ ಹೋದಷ್ಟೂ ಕಡಿದು

ನಮಗೆ ಗೊತ್ತಿರುವ ಹೆಚ್ಚಿನ ಹಸಿರು ನೆಲಗಳು 19ನೇ ಶತಮಾನದ ಮಧ್ಯದಿಂದ ಈಚೆಗೆ ತೆರೆದುಕೊಂಡವು. ಆಗ ಹಿಮ ಕೆಳಗಿನ ಕಣಿವೆಗಳಿಂದ ಹಿಂದೆ ಸರಿಯುತ್ತಿತ್ತು. ಕಣಿವೆ ಅಗಲ, ಸ್ವಲ್ಪ ಸಮತಟ್ಟು, ಬೆಚ್ಚಗೆ, ಕಾಡು ಹತ್ತಿರ. ಈಗ ಉಳಿದ ಹಿಮ ಮೇಲಿನ ಬೋಗುಣಿಗಳಲ್ಲಿ, ಕಡಿದಾದ ಗೋಡೆಗಳ ಮಡಿಲಲ್ಲಿದೆ. ಅದು ಸರಿದರೆ ಹೊರಬರುವುದು ನಯವಾದ ಬಂಡೆ, ಜಾರುವ ಕಲ್ಲಿನ ರಾಶಿ. ಹಳೆಯ ನೆಲಗಳ ಯಶಸ್ಸನ್ನು ನೋಡಿ ಹೊಸ ನೆಲಗಳಿಗೂ ಅದೇ ಆಗುತ್ತದೆ ಎನ್ನುವುದರಲ್ಲಿ ಇರುವ ತೊಡಕು ಇದು. ಹಿಮದ ಓಟವೂ ಜೋರಾಗಿದೆ. ಕೆಳಗಿನ ಗಿಡಗಳು ಅಷ್ಟು ಬೇಗ ಬೆಟ್ಟ ಹತ್ತುತ್ತಿಲ್ಲ. ನಡುವೆ ಬೋಳು ಪಟ್ಟಿ ಅಗಲವಾಗುತ್ತಾ ಹೋಗುತ್ತದೆ.

ಬೋಳು ಪಟ್ಟಿ ಸುಮ್ಮನೆ ಇರುವುದಿಲ್ಲ. ಹಿಮದ ಆಸರೆ ತಪ್ಪಿದ ಮೊರೇನ್ ದಿಬ್ಬಗಳು ಕುಸಿಯುತ್ತವೆ. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಂನ ಸೌತ್ ಲೊನಾಕ್ ಸರೋವರಕ್ಕೆ ಪಕ್ಕದ ಮೊರೇನ್ ಕುಸಿದು ಬಿತ್ತು. ಎದ್ದ ಅಲೆ ಸರೋವರದ ಕಟ್ಟೆ ಒಡೆಯಿತು. ತೀಸ್ತಾ ಕಣಿವೆಯಲ್ಲಿ ನುಗ್ಗಿದ ನೀರು ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು, ಜೀವಗಳೂ ಹೋದವು. ಗಿಡ ಬೆಳೆದರೆ ಇಳಿಜಾರು ಗಟ್ಟಿಯಾಗುತ್ತದೆ ಎನ್ನುವುದು ನಿಜ, ಆದರೆ ಅದಕ್ಕೊಂದು ಮಿತಿ ಇದೆ. ಸ್ವಿಟ್ಜರ್‌ಲೆಂಡ್‌ನ ಟುರ್ಟ್‌ಮನ್ ಕಣಿವೆಯ ಮೊರೇನ್‌ಗಳ ಮೇಲೆ ಡ್ರಯಾಸ್ ಚಾಪೆ ಹಾಸಿ ಮೇಲ್ಪದರ ಹಿಡಿದಿಟ್ಟದ್ದನ್ನು ಸಂಶೋಧಕರು ತೋರಿಸಿದ್ದಾರೆ. ಚಲನೆ ತುಸು ಕಮ್ಮಿಯಾದ ಕಡೆ ಮಾತ್ರ ಅದು ಬೇರೂರಿತು, ಬೇರೂರಿದ ಮೇಲೆ ಚಲನೆ ಇನ್ನೂ ಕಮ್ಮಿಯಾಯಿತು. ಹತ್ತಾರು ಮೀಟರ್ ಆಳದಿಂದ ಜಾರುವ ದಿಬ್ಬಕ್ಕೆ ಯಾವ ಬೇರೂ ಸಾಟಿಯಲ್ಲ.

ನೀರಿನ ಗುಣವೂ ಕೆಡಬಹುದು. ಪೆರುವಿನ ಕಾರ್ಡಿಲೆರಾ ಬ್ಲಾಂಕಾ ಶ್ರೇಣಿಯಲ್ಲಿ ಹಿಮದಡಿಯಿಂದ ಹೊರಬಂದ ಕೆಲವು ಬಂಡೆಗಳಲ್ಲಿ ಗಂಧಕ ಬೆರೆತ ಲೋಹದ ಅದಿರಿದೆ. ಗಾಳಿ, ನೀರು ತಾಗಿದರೆ ಅದು ಆಮ್ಲ ಬಿಡುತ್ತದೆ, ಲೋಹ ಕರಗಿ ಹೊಳೆಗೆ ಸೇರುತ್ತದೆ. ಕೆಳಗಿನ ಹಳ್ಳಿಗಳು ಆ ನೀರನ್ನೇ ನಂಬಿಕೊಂಡಿವೆ.

ಲೆಕ್ಕ ಹಾಕಿ ನೋಡೋಣ

ಹೊಸ ಹಸಿರು ಇಂಗಾಲ ಹೀರಿಕೊಂಡು ನಷ್ಟ ತುಂಬಿಕೊಡುತ್ತದಲ್ಲ ಎನ್ನುವವರಿಗೆ ಒಂದು ಸರಳ ಲೆಕ್ಕ. ಫಿನ್‌ಲೆಂಡ್‌ನಷ್ಟು ನೆಲ ಪೂರ್ತಿ ಒಣ ನೆಲವೇ ಎಂದುಕೊಳ್ಳೋಣ. ಅದರ ಪ್ರತಿ ಹೆಕ್ಟೇರೂ ವರ್ಷಕ್ಕೆ ಅರ್ಧ ಟನ್ ಇಂಗಾಲ ಹಿಡಿದಿಡುತ್ತದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. 3.4 ಕೋಟಿ ಹೆಕ್ಟೇರಿಗೆ 1.7 ಕೋಟಿ ಟನ್ ಆಯಿತು. ಕಲ್ಲಿದ್ದಲು, ತೈಲ, ಅನಿಲ ಸುಟ್ಟು ನಾವು ವರ್ಷಕ್ಕೆ ಹೊರಬಿಡುವ ಇಂಗಾಲ ಸುಮಾರು 1,000 ಕೋಟಿ ಟನ್. ಸಾವಿರಕ್ಕೆ ಎರಡು ಪಾಲೂ ಆಗಲಿಲ್ಲ. ಅದೂ ಬಂಡೆ, ಜಲ್ಲಿ, ಇಳಿಜಾರು ಎಲ್ಲವೂ ಹುಲುಸಾಗಿ ಬೆಳೆದರೆ. ಈ ವಾದವನ್ನು ಇಲ್ಲಿಗೇ ಬಿಡಬಹುದು.

ಹಸಿರು ಬರುವಾಗ ಕಳೆದುಹೋಗುವವರೂ ಇದ್ದಾರೆ. ಹಿಮದ ಅಂಚಿನ ತಂಪಿನಲ್ಲೇ ಬದುಕುವ ನೆಬ್ರಿಯಾ ಜೀರುಂಡೆಗಳಿವೆ. ಆಲ್ಪ್ಸ್‌ನ ಹೊಸ ಜಲ್ಲಿಯಲ್ಲಿ ಮಾತ್ರ ಚೆನ್ನಾಗಿ ಬೆಳೆಯುವ ಆರ್ಟಿಮಿಸಿಯಾ ಜೆನಿಪಿಯಂಥ ಸಣ್ಣ ಗಿಡಗಳಿವೆ. ದೊಡ್ಡ ಗಿಡಗಳು ಬಂದು ನೆರಳು ಮಾಡಿದರೆ ಇವು ಮೇಲೆ ಹೋಗಬೇಕು. ಹಿಮನದಿ ಇರುವವರೆಗೆ ಮೇಲೆ ಹೊಸ ಜಲ್ಲಿ ಸಿಗುತ್ತಿರುತ್ತದೆ. ಹಿಮನದಿ ಪೂರ್ತಿ ಹೋದ ಮೇಲೆ ಹೋಗಲು ಜಾಗವೇ ಇಲ್ಲ. ಮೊದಲ ದಶಕಗಳಲ್ಲಿ ಜಾತಿಗಳ ಸಂಖ್ಯೆ ಏರಿದ್ದನ್ನು ನೋಡಿ ಹಿಗ್ಗುವವರು ಈ ಕೊನೆಯ ಹಂತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲ್ಲ ಕಡೆ ಸಿಗುವ ಗಿಡಗಳು ಹೆಚ್ಚಿ, ಅಲ್ಲಿ ಮಾತ್ರ ಸಿಗುವವು ಹೋದರೆ ಸಂಖ್ಯೆ ಏರಿದಂತೆ ಕಂಡರೂ ನಷ್ಟವೇ.

ನಾವೇ ಕೈಹಾಕಿ ಸಹಾಯ ಮಾಡಬಹುದಾ? ಕಾರ್ಡಿಲೆರಾ ಬ್ಲಾಂಕಾದ ಉರುವಾಶ್ರಾಜು ಹಿಮನದಿಯ ಮುಂದೆ ಸ್ಥಳೀಯ ರೈತರೂ ವಿಜ್ಞಾನಿಗಳೂ ಸೇರಿ ಒಂದು ಪ್ರಯೋಗ ಮಾಡಿದರು. ಬೇಲಿ ಹಾಕಿದ ತುಂಡುಗಳಲ್ಲಿ ಒಂಟೆಯ ಜಾತಿಯ ಸಾಕುಪ್ರಾಣಿಗಳಾದ ಲಾಮಾಗಳನ್ನು ಆಗಾಗ ಬಿಟ್ಟರು. ಮೂರು ವರ್ಷದಲ್ಲಿ ಆ ತುಂಡುಗಳ ಮಣ್ಣಿನಲ್ಲಿ ಇಂಗಾಲ, ಸಾರಜನಕ ಹೆಚ್ಚಿತು, ಗಿಡಗಳೂ ಹೆಚ್ಚಿದವು. ಲಾಮಾಗಳ ಹಿಕ್ಕೆ ಗೊಬ್ಬರವನ್ನೂ ತಂದಿತ್ತು, ಬೀಜವನ್ನೂ ತಂದಿತ್ತು. ಆ ಬೆಟ್ಟಗಳಲ್ಲಿ ಸಾವಿರಾರು ವರ್ಷದಿಂದ ಮೇದ ಪ್ರಾಣಿ ಅದು, ಕೆಳಗಿನ ಊರಿನವರಿಗೆ ಹುಲ್ಲುಗಾವಲು, ಒಳ್ಳೆಯ ನೀರು ಎರಡೂ ಬೇಕು. ಹಾಗಾಗಿ ಅಲ್ಲಿ ಇದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಜೆನಿಪಿಯಂಥ ಗಿಡ ಕೊನೆಯುಸಿರು ಹಿಡಿದಿರುವ ಕಣಿವೆಯಲ್ಲಿ ಬೇಗ ಹಸಿರು ಮಾಡುತ್ತೇವೆ ಎಂದು ಹೊರಟರೆ ಅದೇ ಕೆಲಸ ಕೇಡಾಗುತ್ತದೆ.

ಎಲ್ಲಕ್ಕಿಂತ ಅವಸರದ ವಿಷಯ ಈ ನೆಲ ಯಾರ ಕೈಗೆ ಹೋಗುತ್ತದೆ ಎನ್ನುವುದು. 2023ರ ಅದೇ ಅಧ್ಯಯನದ ಪ್ರಕಾರ ಇಂದಿನ ಹಿಮನದಿಗಳ ಅರ್ಧಕ್ಕಿಂತ ಕಮ್ಮಿ ಪಾಲು ಮಾತ್ರ ರಕ್ಷಿತ ಪ್ರದೇಶಗಳಲ್ಲಿದೆ. ಉಳಿದದ್ದು ತೆರೆದ ಕೂಡಲೇ ಗಣಿ, ಅಣೆಕಟ್ಟು, ಸ್ಕೀ ಕಂಪನಿ, ಪ್ರವಾಸೋದ್ಯಮ ಎಲ್ಲದಕ್ಕೂ ತೆರೆದಂತೆ. ಅರ್ಜೆಂಟೀನಾ 2010ರಲ್ಲಿ ಮಾಡಿದ ಕಾನೂನು ಹಿಮನದಿಯನ್ನಷ್ಟೇ ಅಲ್ಲದೆ ಅದರ ಸುತ್ತಿನ ಹೆಪ್ಪುಗಟ್ಟಿದ ನೆಲವನ್ನೂ ರಕ್ಷಣೆಗೆ ಸೇರಿಸಿತು. ಇಂಥ ಕಾನೂನುಗಳು ವಿರಳ. ಸ್ವಿಟ್ಜರ್‌ಲೆಂಡ್‌ನಲ್ಲಿ ಟ್ರಿಫ್ಟ್ ಹಿಮನದಿ ಸರಿದ ಬೋಗುಣಿಯಲ್ಲಿ ಜಲವಿದ್ಯುತ್ ಜಲಾಶಯ ಕಟ್ಟುವ ಯೋಜನೆ ಇದೆ, ಝೆರ್ಮಾಟ್ ಮೇಲಿನ ಗೋರ್ನರ್ ಹಿಮನದಿಯ ಕಡೆಯೂ ಇದೆ. ಕಲ್ಲಿದ್ದಲು ಬಿಡಬೇಕಾದರೆ ಜಲವಿದ್ಯುತ್ ಬೇಕು ಎನ್ನುವವರ ಮಾತಿನಲ್ಲಿ ತೂಕ ಇದೆ. ಅಲ್ಲಿ ಕಳೆದುಕೊಳ್ಳುವುದು ಬರೀ ಕಲ್ಲು ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಯೋಜನೆಯ ಕಾಗದದಲ್ಲಿ ಆ ಜಾಗ 'ಖಾಲಿ' ಎಂದು ಬರೆಯುವ ಮೊದಲು ಅಲ್ಲಿನ ಜಲ್ಲಿ, ಜೇಡ, ಹಾವಸೆ, ಸಸಿಗಳ ಪಟ್ಟಿ ಆಗಲೇಬೇಕು. ಎಲ್ಲಿ ಬೀಜದ ಕಾಡು ಹತ್ತಿರ ಇದೆ, ಎಲ್ಲಿ ಸಮತಟ್ಟು ಇದೆ, ಎಲ್ಲಿ ತಂಪು ಉಳಿಯುತ್ತದೆ ಎಂದು ಹಿಮ ಇರುವಾಗಲೇ ನಕ್ಷೆ ಮಾಡಲು ಸಾಧ್ಯ. ಹಿಮದಡಿಯ ನೆಲದ ಏರಿಳಿತವನ್ನು ರಾಡಾರ್ ಮತ್ತು ಲೆಕ್ಕಾಚಾರದಿಂದ ಅಂದಾಜು ಮಾಡುವ ವಿಧಾನ ಈಗಾಗಲೇ ಇದೆ. ಅದನ್ನು ಸರೋವರ ಎಲ್ಲಿ ಆಗುತ್ತದೆ ಎಂದು ತಿಳಿಯಲು ಎಂಜಿನಿಯರ್‌ಗಳು ಬಳಸುತ್ತಿದ್ದಾರೆ. ಮಣ್ಣು ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲೂ ಅದೇ ನಕ್ಷೆ ಸಾಕು. ರಕ್ಷಿತ ಪ್ರದೇಶದ ಗಡಿಯನ್ನು ಈಗಿನ ಹಿಮದ ಅಂಚಿಗೆ ನಿಲ್ಲಿಸದೆ, ಆ ನಕ್ಷೆ ತೋರಿಸುವ ನೆಲಕ್ಕೂ ಹಿಗ್ಗಿಸಿ ಬರೆಯಬೇಕು. ಹಿಮ ಸರಿದು ಹಕ್ಕುದಾರರು ಬಂದ ಮೇಲೆ ಈ ಕೆಲಸ ಹತ್ತು ಪಟ್ಟು ಕಷ್ಟ.